ನೂರೊಂದು ಕುಡಿಯ ತಂಬುಳಿ

2025 ಜುಲೈ 19, ಶನಿವಾರ

ಮಳೆ ಬಿಟ್ಟಿತು ಎಂದು ಹೊರಟೆವು. ಬಿಟ್ಟಿರಲಿಲ್ಲ. ಪದವಿನ ಕಲ್ಲುಬಯಲಿನ ನಡುವೆ ಹೋಗಿ ನಿಂತ ಮೇಲೆ ಹೊಡೆಯಿತು ನೋಡು. ಅತ್ತೆ ಕೊಡೆ ಬಿಡಿಸಿ ಹಿಡಿದದ್ದು ಬುಟ್ಟಿಯ ಮೇಲೆ. ಕುಡಿ ನೆನೆದರೆ ಬೂಷ್ಟು ಹಿಡಿಯುತ್ತದಂತೆ. ಸೊಸೆ ನೆನೆದರೆ ಒಣಗುತ್ತಾಳಂತೆ.

ಆಟಿ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಇದೇ ಗಲಾಟೆ. ನೂರೊಂದು ಜಾತಿಯ ಗಿಡದ ಎಳೆ ಕುಡಿ, ಒಂದೊಂದು ಹಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಪುಡಿ ಮಾಡಿ ಡಬ್ಬಿಗೆ. ಬೇಕಾದಾಗ ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಜೊತೆ ಅರೆದು, ಮಜ್ಜಿಗೆ ಸೇರಿಸಿ ತಂಬುಳಿ. ಹೊಟ್ಟೆಯ ಸಕಲ ರೋಗಕ್ಕೂ ಮದ್ದು ಎಂದು ಅತ್ತೆಯ ಅಂಬೋಣ.

ನೂರೊಂದು ಎಂದರೆ ನೂರೊಂದೇ ಆಗಬೇಕು. ಕೇಪಳ, ಕುಂಟಲ, ನೇರಳೆ, ಗೇರು, ನೆಲ್ಲಿ, ಪೇರಳೆ... ತೊಂಬತ್ತರ ಹತ್ತಿರ ಬರುವಾಗ ಪರಿಚಯದವರೆಲ್ಲ ಮುಗಿಯುತ್ತಾರೆ. ಆಮೇಲೆ ಪದವಿನ ಬದಿಯ ಅಪರಿಚಿತರು. ನನ್ನ ಕೆಲಸ ಶುರುವಾಗುವುದು ಅಲ್ಲಿ. ಹೂ ಇಲ್ಲ, ಕಾಯಿ ಇಲ್ಲ, ಬರೀ ಎಳೆ ಎಲೆ. ಲೆನ್ಸ್ ಹಿಡಿದು ಕೂತರೂ ಹೆರಿಗೆ ವಾರ್ಡಿನಲ್ಲಿ ಮಕ್ಕಳ ಮುಖ ನೋಡಿ ಅಪ್ಪನ ಹೆಸರು ಹೇಳಿದ ಹಾಗೆ. ನನ್ನದು ಒಂದೇ ಕಾನೂನು - ಖಾತ್ರಿ ಇಲ್ಲದ್ದು ಬುಟ್ಟಿಗೆ ಬೀಳಬಾರದು. ಇವತ್ತು ಎರಡು ಬಿಸಾಡಿಸಿದೆ. ಅತ್ತೆಗೆ ಸಿಟ್ಟು. ನಾನು ಲ್ಯಾಟಿನ್ ಹೆಸರು ಹೇಳಿದರೆ ಗಿಡಕ್ಕೇ ಕೆಮ್ಮು ಬರುತ್ತದೆ ಎಂದು ಗೊಣಗಿದರು. ಬರಲಿ. ಪ್ಲಸ್ ಟು ಮಕ್ಕಳಿಗೆ ಬಾಟನಿ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು, ಅವರಲ್ಲ.

ಮನೆಗೆ ಬಂದ ಮೇಲೆ ನನ್ನ ತಲೆ ಒರೆಸಿದ್ದೂ ಅವರೇ. ಒರೆಸುತ್ತಾ ಬೈದರು, ಕೂದಲು ಉದುರುವುದಕ್ಕೆ.


ಜುಲೈ 20, ಭಾನುವಾರ

ಬೆಳಗ್ಗೆಯೇ ಪ್ರವೀತನ ವಾಟ್ಸ್ಆ್ಯಪ್. ನನ್ನ ಹಳೇ ವಿದ್ಯಾರ್ಥಿ. ದನ ಮೇಯುವ ಗುಡ್ಡೆಯಲ್ಲಿ ಎದ್ದ ಅಣಬೆಯ ಫೋಟೋ. ‘ಟೀಚರ್, ಇದು ಆ ಕಿಕ್ ಬರುವ ಜಾತಿಯಾ? ರೀಲ್ಸಲ್ಲಿ ನೋಡಿದ್ದು. ಜನರಲ್ ನಾಲೆಡ್ಜಿಗೆ.’

ಜನರಲ್ ನಾಲೆಡ್ಜ್ ಅಂತೆ!

ಬರೆದು ಹಾಕಿದೆ: ಫೋಟೋದಲ್ಲಿ ಅಣಬೆಯ ಜಾತಿ ಹೇಳಲು ದೇವರಿಗೂ ಆಗುವುದಿಲ್ಲ. ಒಂದೇ ಟೊಪ್ಪಿ, ಒಂದೇ ಕಾಲು. ಒಂದು ತಲೆ ತಿರುಗಿಸಿದರೆ ಇನ್ನೊಂದು ಲಿವರೇ ತೆಗೆಯುತ್ತದೆ. ಮುಟ್ಟಿದ್ದರೆ ಕೈ ತೊಳೆದುಕೋ. ನಾಳೆ ಅಪ್ಪನನ್ನು ಕರೆದುಕೊಂಡು ಶಾಲೆಗೆ ಬಾ. ಉತ್ತರ ಬಂತು - ಟೀಚರ್, ನಾನು ಶಾಲೆ ಬಿಟ್ಟು ಎರಡು ವರ್ಷ ಆಯ್ತು.

ಮುರಳಿ ನಕ್ಕದ್ದೇ ನಕ್ಕದ್ದು. ನಮ್ಮ ಶಾಲೆಯ ಲಹರಿ ವಿರುದ್ಧ ಕ್ಲಬ್ಬಿಗೆ, ಎಂದರೆ ಅಮಲು ಪದಾರ್ಥದ ವಿರುದ್ಧದ ಕ್ಲಬ್ಬಿಗೆ, ನಾನು ಕನ್ವೀನರ್. ಊರಿನವರಿಗೆಲ್ಲ ನಾನೇ ಅಮಲಿನ ಎನ್‌ಕ್ವಯರಿ ಕೌಂಟರ್ ಆಗಿದ್ದೇನೆ ಎಂದು ಅವರ ತಮಾಷೆ. ಪೆರ್ಲ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಮೇಲೆ ಗಂಡನ ನಾಲಿಗೆಗೂ ಕಾಪಿ ಹೆಚ್ಚಾಗಿದೆ. ಹೋದವರಿಗೆ ಬಂದವರಿಗೆ ಇದೇ ಕಥೆ.


ಜುಲೈ 26, ಶನಿವಾರ

ಕಾಸರಗೋಡಿನಲ್ಲಿ ಕ್ಲಸ್ಟರ್ ಮೀಟಿಂಗ್. ಇಡೀ ದಿನ. ಪವರ್‌ಪಾಯಿಂಟ್ ನೋಡಿ ನೋಡಿ ತಲೆನೋವು. ಪಕ್ಕದಲ್ಲಿ ನುಸೈಬಾ ಇದ್ದದ್ದರಿಂದ ಬದುಕಿದೆ. ನಮ್ಮ ಶಾಲೆಯ ಕೆಮಿಸ್ಟ್ರಿ ಟೀಚರ್. ಅವಳು ಡಬ್ಬಿಯಲ್ಲಿ ತಂದ ಕಲ್ತಪ್ಪವನ್ನು ಡೆಸ್ಕಿನ ಕೆಳಗೆ ಇಟ್ಟು ಮಕ್ಕಳ ಹಾಗೆ ತಿಂದೆವು.

ಬಂದು ನೋಡಿದರೆ ಅತ್ತೆ ಒಬ್ಬರೇ ಹೋಗಿ ಬುಟ್ಟಿ ತುಂಬಿಸಿಯಾಗಿದೆ. ನೂರೊಂದು ಭರ್ತಿ. ಕೊನೆಯದ್ದು ಎಂತ ಎಂದು ಕೇಳಿದೆ. ಸುಂಡೆ ಕುಡಿ, ಬಚ್ಚಲಿನ ಹಿಂದೆಯೇ ಇತ್ತು, ಒಂದು ಹಿಡಿ ಅಲ್ಲ ಎರಡು ಹಿಡಿ ಹೆಚ್ಚೇ ಸಿಕ್ಕಿತು ಎಂದರು. ಆಗಲೇ ಎಲ್ಲ ಗೆರಸೆಯಲ್ಲಿ ಹರಡಿ ಅಟ್ಟಕ್ಕೆ ಹಾಕಿಯಾಗಿತ್ತು. ಹತ್ತಿ ನೋಡಲು ಸೊಂಟದಲ್ಲಿ ಬಲ ಇರಲಿಲ್ಲ. ಸುಂಡೆ ತಾನೇ.


ಆಗಸ್ಟ್ 3, ಭಾನುವಾರ

ಪುಡಿಯಾಯಿತು. ಒಣಗಿದ ಹಾಗೆ ಒಂದೊಂದು ಸರ್ತಿ ಮಿಕ್ಸಿಗೆ ಹಾಕಿದ್ದು. ಕೊನೆಗೆ ಒಣಗಿದ್ದು ಡಬ್ಬಿಯ ಮೇಲೆ ಬಂತು. ಹಸಿರೂ ಅಲ್ಲ ಕಪ್ಪೂ ಅಲ್ಲ, ಎಂಥದೋ ಬಣ್ಣ. ಮೂಸಿದರೆ ಮೂಗೇ ಕಹಿಯಾಗುತ್ತದೆ.

ನಾನೂ ಮುರಳಿಯೂ ಇದನ್ನು ಮುಟ್ಟುವವರಲ್ಲ. ಇದನ್ನು ಕುಡಿದರೆ ರೋಗ ಹೆದರಿಯೇ ಓಡುತ್ತದೆ, ಗುಣವಾಗಿ ಅಲ್ಲ ಎಂದು ಮುರಳಿ. ಕುಡಿಯುವವರು ಅತ್ತೆ ಒಬ್ಬರೇ. ಸೋಮವಾರ ಅವರಿಗೆ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ, ಅದೂ ಕುಡಿ ತಂಬುಳಿ ಅನ್ನ. ಆಗ ನಾನು ಶಾಲೆಯಲ್ಲಿ, ಮುರಳಿ ಅಂಗಡಿಯಲ್ಲಿ. ಬೈಯುವವರು ಯಾರೂ ಇರುವುದಿಲ್ಲ.


ಆಗಸ್ಟ್ 4, ಸೋಮವಾರ

ಸಂಜೆ ಬರುವಾಗ ಅತ್ತೆಯ ಮುಖ ಕೆಂಪಗೆ. ಬಾಯಿ ಒಣಗುತ್ತದೆ ಎಂದು ಚೆಂಬು ಚೆಂಬು ನೀರು ಕುಡಿಯುತ್ತಿದ್ದಾರೆ. ಮಾತಾಡಿಸಿದರೆ ರೇಗುತ್ತಾರೆ. ಜ್ವರ ಇರಬೇಕು. ಪದವಿನ ಮಳೆ ಯಾರನ್ನು ಬಿಟ್ಟಿದೆ!


ಆಗಸ್ಟ್ 11, ಸೋಮವಾರ, ಸಂಜೆ 6

ಬರೆದರೆ ಮನಸ್ಸು ಹತೋಟಿಗೆ ಬಂದೀತು ಎಂದು ಬರೆಯುತ್ತಿದ್ದೇನೆ.

ಐದು ಗಂಟೆಗೆ ಬಂದೆ. ಬಾಗಿಲು ಹಾರು ಹೊಡೆದಿತ್ತು. ಅತ್ತೆ ಚಾವಡಿಯಲ್ಲಿ ಕಾಲು ನೀಡಿ ಕೂತು ಹೂ ಕಟ್ಟುತ್ತಿದ್ದರು. ಹೂವೂ ಇಲ್ಲ, ಬಾಳೆಬಳ್ಳಿಯೂ ಇಲ್ಲ. ಬರೀ ಬೆರಳು ಆಡುತ್ತಿತ್ತು. ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಪಕ್ಕಕ್ಕೆ ಇಟ್ಟು, ಮತ್ತೊಂದು. ಯಾರ ಹತ್ತಿರವೋ ಮಾತು - ಮಾವನ ಹತ್ತಿರ. ಮಾವ ತೀರಿಹೋಗಿ ವರ್ಷಗಳಾದವು. ಕಾಫಿ ತಣಿಯುತ್ತದೆ, ಪೇಪರು ಆಮೇಲೆ ಓದಿ ಎಂದು ಗದರಿಸುತ್ತಿದ್ದರು.

ನಾನು ಅತ್ತೆ ಎಂದು ಕರೆದೆ. ತಿರುಗಿ ನೋಡಿ, ಯಾರು ಬೇಕಿತ್ತು ಎಂದು ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ಅದನ್ನೇ ತಡೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ನನಗೆ ಮರ್ಯಾದೆ ಕೊಟ್ಟವರಲ್ಲ ಅವರು.


ಆಗಸ್ಟ್ 12, ಮಂಗಳವಾರ

ಮಧ್ಯಾಹ್ನದವರೆಗೂ ಮಂಕು. ಸಂಜೆ ಸರಿಯಾದರು. ನಿನ್ನೆಯದ್ದು ಏನೂ ನೆನಪಿಲ್ಲ. ನಾನೂ ಹೇಳಲಿಲ್ಲ. ಮುರಳಿ ಹೇಳಿಬಿಟ್ಟರು. ಗಂಡಸರಿಗೆ ಬಾಯಿ ಮುಚ್ಚಿಕೊಂಡಿರಲು ಯಾರು ಕಲಿಸುವುದೋ. ಅತ್ತೆ ಸಣ್ಣ ಮುಖ ಮಾಡಿ ಒಳಗೆ ಹೋದರು.


ಆಗಸ್ಟ್ 18, ಸೋಮವಾರ

ಮತ್ತೆ. ಈ ಸಲ ಗೋಡೆಯಿಂದ ಇರುವೆ ಹೆಕ್ಕುತ್ತಿದ್ದರು. ಗೋಡೆಯಲ್ಲಿ ಇರುವೆ ಇಲ್ಲ.


ಆಗಸ್ಟ್ 26, ಮಂಗಳವಾರ

ನರರೋಗದ ಡಾಕ್ಟರ ಹತ್ತಿರ ಹೋಗಿ ಬಂದೆವು. ಕಾಸರಗೋಡಿಗೆ ತಿಂಗಳಿಗೆ ಎರಡು ಸಲ ಬರುವವರು. ನಿನ್ನೆಯೂ ಸೋಮವಾರ ಒಪ್ಪತ್ತು ಬಿಟ್ಟಿರಲಿಲ್ಲ ಅತ್ತೆ. ನಿನ್ನೆ ಸಂಜೆ ಸಾಧಾರಣ ಇದ್ದರು, ಇವತ್ತು ಬೆಳಗ್ಗೆ ಮಾತ್ರ ತೂಗುತ್ತಾ ನಡೆಯುತ್ತಿದ್ದರು.

ಡಾಕ್ಟರ್ ಇವತ್ತು ಯಾವ ವಾರ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಪರೀಕ್ಷೆ ಹಾಲಿನಲ್ಲಿ ಮಕ್ಕಳು ನೋಡುತ್ತಾರಲ್ಲ, ಹಾಗೆ. ನನಗೆ ಉತ್ತರ ಹೇಳಿಕೊಡಬೇಕು ಎನಿಸಿತು. ಗಡಿಯಾರದ ಚಿತ್ರ ಬರೆಯಲು ಕೊಟ್ಟರು. ಕನ್ನಡಕ ಹಾಕಿದರೂ ಕಾಗದ ಮಂಜು ಮಂಜು ಎಂದರು ಅತ್ತೆ. ಅಂಕಿಗಳನ್ನೆಲ್ಲ ಒಂದೇ ಬದಿಗೆ ಒಟ್ಟುಹಾಕಿದರು.

ಮರೆವಿನ ಕಾಯಿಲೆಯ ಪ್ರಾರಂಭ ಇರಬಹುದು ಎಂದರು ಡಾಕ್ಟರ್. ಸ್ಕ್ಯಾನ್ ಮಾಡಿಸಿ, ಅಕ್ಟೋಬರ್ ಏಳಕ್ಕೆ ಪುನಃ ಬನ್ನಿ. ಇಂಥದ್ದಕ್ಕೆ ಮದ್ದು ಕಡಿಮೆ, ಜೊತೆಗೆ ಇರುವುದೇ ಮುಖ್ಯ.

ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಬದಿಯಡ್ಕ ದಾಟುವಾಗ ನನಗೆ ಅಳು ಬಂತು. ಕಂಡಕ್ಟರ್ ಟಿಕೆಟ್ ಕೇಳಲು ಬಂದವ ಸುಮ್ಮನೆ ಮುಂದೆ ಹೋದ.


ಆಗಸ್ಟ್ 29, ಶುಕ್ರವಾರ

ಶಾಲೆಯಲ್ಲಿ ಓಣಂ. ಪೂಕಳಂ ಎಂಬ ಹೂವಿನ ರಂಗೋಲಿ, ಹಗ್ಗಜಗ್ಗಾಟ, ಸದ್ಯ ಎಂಬ ಎಲೆಯೂಟ. ನಾಳೆಯಿಂದ ರಜೆ. ಸ್ಟಾಫ್ ರೂಮಿನಲ್ಲಿ ನುಸೈಬಾಳಿಗೆ ಎಲ್ಲ ಹೇಳಿದೆ. ಅವಳು ಸಮಾಧಾನದ ಮಾತು ಹೇಳಲಿಲ್ಲ. ಪಾಯಸದ ಗ್ಲಾಸು ಕೈಗೆ ಕೊಟ್ಟು, ಕುಡಿ, ಆಮೇಲೆ ಅಳು ಎಂದಳು. ಸೋಮವಾರ ಉತ್ತರ ಪತ್ರಿಕೆಯ ಕಟ್ಟು ತೆಗೆದುಕೊಂಡು ಹೋಗಲು ಮನೆಗೆ ಬರುತ್ತಾಳಂತೆ.

ಹೆದರಿಕೆ ಆಗುತ್ತಿದೆ. ಅದನ್ನು ಬರೆಯದೆ ಎಂತ ಬರೆಯುವುದು. ಈ ಮನೆಗೆ ಬಂದಾಗ ನನಗೆ ಅಡುಗೆ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಬರುತ್ತಿತ್ತು. ಅತ್ತೆ ಅಡುಗೆ ಕಲಿಸಿದರು. ಸಿಟ್ಟನ್ನು ಹಾಗೆಯೇ ಬಿಟ್ಟರು, ಶಾಲೆಯಲ್ಲಿ ಬೇಕಾಗುತ್ತದೆ ಎಂದರು. ನನ್ನನ್ನು ಇಷ್ಟು ಚೆನ್ನಾಗಿ ಬೈಯುವವರು ಇನ್ನು ಯಾರಿದ್ದಾರೆ?


ಸೆಪ್ಟೆಂಬರ್ 1, ಸೋಮವಾರ, ಬೆಳಗ್ಗೆ 11

ರಜೆ. ಇವತ್ತು ನಾನೂ ಅತ್ತೆಯ ಜೊತೆ ಒಪ್ಪತ್ತು. ಹೇಳಿದ್ದಕ್ಕೆ ಅತ್ತೆಗೆ ನಂಬಿಕೆಯೇ ಇಲ್ಲ, ಹತ್ತು ಗಂಟೆಗೆ ದೋಸೆ ಕದ್ದು ತಿಂತಿ ಎಂದರು. ತಿನ್ನಲಿಲ್ಲ. ಎಷ್ಟು ಸೋಮವಾರ ಉಳಿದಿದೆಯೋ ಅಷ್ಟೂ ಜೊತೆಗೆ ಕೂತು ಉಣ್ಣುವುದು ಎಂದು ತೀರ್ಮಾನ ಮಾಡಿದ್ದೇನೆ. ಆ ಕಹಿ ತಂಬುಳಿಯಾದರೂ ಸರಿ.


12.50

ಉಂಡಾಯಿತು. ಶಿವನೇ. ಬೇವನ್ನು ಬೇಕಾದರೆ ಪಾಯಸ ಎನ್ನಬಹುದು. ಮೂಗು ಹಿಡಿದು ನುಂಗಿದೆ. ಅತ್ತೆಗೆ ಖುಷಿಯೋ ಖುಷಿ, ಇನ್ನೂ ಒಂದು ಸೌಟು ಬಡಿಸಿದರು.


2.15

ಬಾಯಿ ಒಣಗಿ ಅಂಟುತ್ತಿದೆ. ನೀರು ಕುಡಿದರೂ ಅಷ್ಟೇ. ಸೆಕೆಯೂ ಜೋರು. ಅಕ್ಷರ ಸರಿ ಕಾಣುತ್ತಿಲ್ಲ. ದೊಡ್ಡದು ಮಾಡಿ ಬರೆಯುತ್ತಿದ್ದೇನೆ.


3 ಇರಬೇಕು

ಅತ್ತೆ ಹಲಸಿನ ಹಣ್ಣು ಬಿಡಿಸುತ್ತಿದ್ದಾರೆ. ಇದು ಹಲಸಿನ ಕಾಲ ಅಲ್ಲವಲ್ಲ... ಇರಲಿ. ನಾನೂ ಕೂತೆ. ಮಯಣದ ಅಂಟು ಕೈಗೆ ಹತ್ತುತ್ತದೆ, ಎಣ್ಣೆ ಹಚ್ಚಿಕೋ ಎಂದರು. ಹಚ್ಚಿಕೊಂಡೆ. ಎಂಥ ತೊಳೆ, ಚಿನ್ನದ ಹಾಗೆ. ಮಾವ ಬಂದರು, ಬಾಗಿಲಲ್ಲಿ ನಿಂತರು. ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದು. ಕೂತುಕೊಳ್ಳಿ ಎಂದೆ


ನುಸೈಬಾ ಬಂದಳು ಚಹಾ ಮಾಡಿದೆ ಹೋದಳು. ಪುನಃ ಬಂದಳು. ಪುನಃ

ಎಲ್ಲರೂ ಸಾಲಾಗಿ ನಿಲ್ಲಿ ಅಟೆಂಡೆನ್ಸ್. ಪಪ್ಪಾಯಿ ಮರ ಪ್ರೆಸೆಂಟ್. ಬಕೆಟ್ಟು ಪ್ರೆಸೆಂಟ್. ಅಕ್ಷರಕ್ಕೆ ಕಾಲು ಬಂದಿದೆ ಪುಸ್ತಕದಿಂದ ಇಳಿದು ಹೋಗ್ತಾ ಇದೆ ಹಿಡಿಯಿರಿ ಯಾರಾದರೂ

ಅತ್ತೆ ಕೈ ಬಿಡಬೇಡಿ


ಸೆಪ್ಟೆಂಬರ್ 3, ಬುಧವಾರ, ಆಸ್ಪತ್ರೆ

ಮೇಲಿನದ್ದನ್ನು ಈಗ ಓದಿದೆ. ನನ್ನ ಅಕ್ಷರವೇ. ಪಪ್ಪಾಯಿ ಮರ ಪ್ರೆಸೆಂಟ್!

ನುಸೈಬಾ ನಿಜವಾಗಿ ಬಂದದ್ದು ನಾಲ್ಕು ಗಂಟೆಗಂತೆ, ಒಂದೇ ಸಲ. ಅದಕ್ಕೂ ಮೊದಲು ಬಂದು ಚಹಾ ಕುಡಿದವರು ಯಾರೋ ದೇವರಿಗೇ ಗೊತ್ತು. ಚಾವಡಿಯಲ್ಲಿ ನಾವಿಬ್ಬರು ಎದುರೆದುರು ಕೂತು ಇಲ್ಲದ ಹಲಸಿನ ಹಣ್ಣು ಬಿಡಿಸುತ್ತಿದ್ದೆವಂತೆ. ಇಬ್ಬರಿಗೂ ಒಂದೇ ಹಣ್ಣು ಕಾಣುತ್ತಿತ್ತು ಎಂಬುದು ಅವಳಿಗೆ ಇನ್ನೂ ಆಶ್ಚರ್ಯ. ತನಗೂ ಒಂದು ತೊಳೆ ಕೊಟ್ಟೆವಂತೆ. ತೆಗೆದುಕೊಂಡು ಬಾಯಿಗೆ ಹಾಕಿದ ಹಾಗೆ ಮಾಡಿ, ಮುರಳಿಗೆ ಫೋನ್ ಮಾಡಿದಳು. ಅಡುಗೆ ಮನೆಗೆ ಹೋಗಿ ಏನೇನು ಉಂಡಿದ್ದೇವೆ ಎಂದು ನೋಡಿ, ತಂಬುಳಿಯ ಪಾತ್ರೆ, ಪುಡಿಯ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಕೆಮಿಸ್ಟ್ರಿಯವಳು ಸುಮ್ಮನೆ ಅಲ್ಲ.

ಕ್ಯಾಶುವಾಲಿಟಿಯಲ್ಲಿ ಸಾಬಿತ್ ಎಂಬ ಎಳೆಯ ಡಾಕ್ಟರ್. ಟಾರ್ಚು ಹಿಡಿದು ಇಬ್ಬರ ಕಣ್ಣು ನೋಡಿದನಂತೆ. ಕಪ್ಪುಗುಡ್ಡೆ ಅಗಲವಾಗಿ ತೆರೆದಿದೆ, ಬೆಳಕಿಗೆ ಸಣ್ಣದಾಗುವುದಿಲ್ಲ. ಬಾಯಿ ಒಣಗಿದೆ, ಮೈ ಕೆಂಪು, ಎದೆ ಓಡುತ್ತಿದೆ. ಒಬ್ಬರಿಗೆ ಮರೆವಿನ ಕಾಯಿಲೆ ಇರಬಹುದು, ಒಂದೇ ದಿನ ಸೊಸೆಗೂ ಬರುವುದಿಲ್ಲ ಎಂದನಂತೆ. ಗಿಡದ ವಿಷ.

ಇವತ್ತು ಬೆಳಗ್ಗೆ ಅವನೇ ಬಂದು ಹೇಳಿದ. ಹಿಂದಿನ ಸೋಮವಾರಗಳದ್ದೂ ಇದೇ ಇರಬೇಕು ಎಂದ. ನಾನು ಎರಡೆರಡು ಸಲ ಕೇಳಿದೆ. ವಿಷವೇನಾ? ಖಂಡಿತವಾ? ಖಂಡಿತ ಟೀಚರ್, ವಿಷವೇ ಎಂದ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅತ್ತೆಗೆ ವಿಷ! ಬರೀ ವಿಷ! ಮುರಳಿ ನಗುತ್ತಾ ಅಳುತ್ತಾ ಮೂಗು ಒರೆಸಿಕೊಂಡರು. ಪಕ್ಕದ ಬೆಡ್ಡಿನ ಹೆಂಗಸು ಮಂಚವನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು.

ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. “ನಿನಗೂ ಕುಡಿಸಿದೆನಲ್ಲ ದೀಪ್ತಿ. ಒಂದು ಸೌಟು ಹೆಚ್ಚು ಬೇರೆ.” ಅಷ್ಟೇ ಹೇಳಿದ್ದು. ನನ್ನ ಅಂಗೈಯನ್ನು ತಿಕ್ಕುತ್ತಾ ಕೂತರು.


ಸೆಪ್ಟೆಂಬರ್ 4, ಗುರುವಾರ

ಡಿಸ್ಚಾರ್ಜ್. ಲಹರಿ ವಿರುದ್ಧ ಕ್ಲಬ್ಬಿನ ಕನ್ವೀನರ್ ಅಮಲಿನಲ್ಲಿ ಆಸ್ಪತ್ರೆಗೆ - ಸುದ್ದಿ ಪೆರ್ಲ ದಾಟಿ ಪುತ್ತೂರಿನ ಬಸ್ಸು ಹತ್ತಿದೆ. ಪ್ರವೀತನ ಮೆಸೇಜು: ‘ಟೀಚರ್ ಹುಷಾರಾ? ಗಿಡ ಯಾವುದು ಅಂತ ಗೊತ್ತಾಯ್ತಾ? ಜನರಲ್ ನಾಲೆಡ್ಜಿಗೆ.’

ಫೋನ್ ಮಾಡಿಯೇ ಹೇಳಿದೆ. ಏನೂ ಮಜಾ ಇಲ್ಲ ಮಾರಾಯ. ಉಗುಳು ನುಂಗಲಾಗುವುದಿಲ್ಲ, ಉಚ್ಚೆ ಹೋಗುವುದಿಲ್ಲ, ಕೈಗೆ ನಾಳ ಹಾಕಿ ಮಂಚಕ್ಕೆ ಕಟ್ಟುತ್ತಾರೆ. ಸ್ವಲ್ಪ ಹೆಚ್ಚಾಗಿದ್ದರೆ ನನಗೂ ಅತ್ತೆಗೂ ಒಂದೇ ದಿನ ಬೊಜ್ಜ, ಉತ್ತರಕ್ರಿಯೆ. ಅವನು ಅಣಬೆಯ ಫೋಟೋ ಡಿಲೀಟ್ ಮಾಡಿದೆ ಟೀಚರ್ ಎಂದ.


ಸೆಪ್ಟೆಂಬರ್ 6, ಶನಿವಾರ

ಪುಡಿಯನ್ನು ನೋಡಿದರೆ ಯಾವ ಗಿಡ ಎಂದು ಗೊತ್ತಾಗುವುದಿಲ್ಲ. ಅಟ್ಟದಿಂದ ಗೆರಸೆ ಇಳಿಸಿದೆ. ಹೆಣಿಗೆಯ ಸಂದಿನಲ್ಲಿ ಒಂದೆರಡು ಒಣಗಿದ ಎಲೆ ಸಿಕ್ಕಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಹಾಕಿದೆ. ಸುರುಟಿದ್ದು ಮೆಲ್ಲಗೆ ಬಿಡಿಸಿಕೊಂಡಿತು. ಬಿಳಿ ತಟ್ಟೆಯಲ್ಲಿ ಹರಡಿ ಲೆನ್ಸ್ ಹಿಡಿದೆ. ಸುಂಡೆಯ ಎಲೆಯಲ್ಲಿ ದಟ್ಟ ರೋಮ ಇರಬೇಕು, ಮುಟ್ಟಿದರೆ ಉಣ್ಣೆಯ ಹಾಗೆ. ಇದು ನುಣುಪು.

ಬಚ್ಚಲಿನ ಹಿಂದೆ ಹೋದೆ. ಐದಾರು ಗಿಡ, ನನ್ನ ಸೊಂಟದ ಎತ್ತರ. ಎಲ್ಲದರ ತುದಿ ಉಗುರಿನಲ್ಲಿ ಚಿವುಟಿದ ಗುರುತು, ಒಣಗಿ ಕಂದಾಗಿದೆ. ಚಿವುಟಿದಲ್ಲಿಂದ ಎರಡೆರಡು ಕವಲು. ಕವಲಿಗೊಂದು ಬಿಳಿ ಹೂ, ಉದ್ದಕ್ಕೆ. ಉಮ್ಮತ್ತಿ, ದತ್ತೂರ.

ಮುರಳಿ ಕತ್ತಿ ತಂದು ಬುಡಕ್ಕೆ ಕಡಿಯಲು ಹೊರಟರು. ಒಂದನ್ನಾದರೂ ಬಿಡಿ, ಶಿವನಿಗೆ ಬೇಕಾಗುತ್ತದೆ ಎಂದು ನಾನೇ ತಡೆದೆ.

ಎಳೆಯ ಕುಡಿ. ಮಳೆ. ಹೂ ಬಿಟ್ಟಿರಲಿಲ್ಲ. ಹೂ ಇಲ್ಲದಿದ್ದರೆ ಯಾರಿಗಾದರೂ ತಪ್ಪಬಹುದು. ನನಗೂ ತಪ್ಪಬಹುದಿತ್ತು. ಡಬ್ಬಿಯ ಪುಡಿಯನ್ನೆಲ್ಲ ಹೊಂಡ ತೆಗೆದು ಹುಗಿದೆವು.


ಸೆಪ್ಟೆಂಬರ್ 8, ಸೋಮವಾರ

ಒಪ್ಪತ್ತು. ಬರೀ ಮಜ್ಜಿಗೆ ಅನ್ನ. ಶಾಲೆಯಿಂದ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಬೈದರು, ಮಕ್ಕಳಿಗೆ ಪಾಠ ಮಾಡು ಮೊದಲು ಎಂದು. ಎಂಥ ಸೊಗಸಾದ ಬೈಗಳು!


ಸೆಪ್ಟೆಂಬರ್ 15, ಸೋಮವಾರ

ಏನೂ ಇಲ್ಲ. ಚಂದ ಇದ್ದಾರೆ. ಹಪ್ಪಳ ಲಟ್ಟಿಸಿದರು.


ಸೆಪ್ಟೆಂಬರ್ 28, ಭಾನುವಾರ

ಕೆಲವು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕಾಗುತ್ತದೆ ಎಂದು ಬರೆಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮುರಳಿ ಅಕ್ಟೋಬರ್ ಏಳರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡುತ್ತೇನೆ ಎಂದರು. ಕಾಯಿಲೆಯೇ ಇಲ್ಲವಲ್ಲ, ಇನ್ನು ಯಾಕೆ ಅಲ್ಲಿ ಹೋಗಿ ಕ್ಯೂ ನಿಲ್ಲುವುದು. ನಾನು ಸಾರು ಬಡಿಸಿದೆ. ಅತ್ತೆ ಬೇಡ ಎಂದರು. ತೆಗೆದುಕೊಂಡ ದಿನ ಇರಲಿ, ಹೋಗಿ ಬರುವ. ಮುರಳಿ ಹೆಗಲು ಕುಣಿಸಿ ಕೈ ತೊಳೆಯಲು ಎದ್ದುಹೋದರು.

ಪಾತ್ರೆ ತೊಳೆಯಲು ಬಚ್ಚಲಿಗೆ ಹೋದಾಗ ಅತ್ತೆಯೂ ಬಂದರು. ಉಳಿಸಿದ ಆ ಒಂದು ಉಮ್ಮತ್ತಿಯ ಎದುರು ನಿಂತರು. ಎಲೆಯ ಮೇಲೆ ಬೆರಳಾಡಿಸಿದರು. ಎಂತ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು.

“ದೀಪ್ತಿ, ನಾನು ಲಂಗ ಹಾಕುವ ಕಾಲದಿಂದ ಇದರ ಹೂ ಕೊಯ್ದು ಶಿವನಿಗೆ ಇಟ್ಟವಳು. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗುವ ಗಿಡ. ನಾನು ತಲೆ ಕೆಟ್ಟದ್ದು ಈ ಸೊಪ್ಪು ತಿಂದು, ಸರಿ. ಆದರೆ ಕೊಯ್ಯುವ ದಿವಸ ನಾನು ಇನ್ನೂ ಎಂತದೂ ತಿಂದಿರ್ಲಿಲ್ಲ ಅಲ್ವಾ? ಆವತ್ತು ನನಗೆ ಇದು ಯಾಕೆ ಗೊತ್ತಾಗ್ಲಿಲ್ಲ?”

ಮಳೆ ಇತ್ತು ಅತ್ತೆ, ಹೂ ಇರಲಿಲ್ಲ, ಎಳೆಯದು ಎಲ್ಲ ಒಂದೇ ಥರ ಕಾಣುತ್ತದೆ ಎಂದೆ. ಆರನೇ ತಾರೀಕಿನಿಂದ ನನಗೆ ನಾನೇ ಹೇಳಿಕೊಂಡದ್ದನ್ನೇ ಹೇಳಿದೆ. ನನ್ನ ಸ್ವರ ನನಗೇ ಸುಳ್ಳು ಕೇಳಿಸಿತು.

ಅವರು ನಕ್ಕರು. ನಿನಗೂ ಮೊದಲೇ ಹೊಳೆದಿದೆ, ಮುಚ್ಚಿಟ್ಟಿದ್ದಿ ಎಂದರು. ಹೌದು ಎನ್ನಬೇಕಾಯಿತು. ಅಳು ಬಂದುಬಿಟ್ಟಿತು. ಸಾಬೂನಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಕಣ್ಣು ಉರಿದು, ಅದಕ್ಕೂ ಮತ್ತೆ ಅಳು. ಅತ್ತೆ ಚೆಂಬಿನಲ್ಲಿ ನೀರು ತೆಗೆದು ನನ್ನ ಮುಖ ತೊಳೆದರು. ಮದುವೆಯಾದ ಹೆಂಗಸು ಇಷ್ಟು ಅಳುವುದಾ ಎಂದು ಕೇಳಿದರು.

“ಮುರಳಿಗೆ ಈಗ ಹೇಳ್ಬೇಡ, ಅವನು ಖುಷಿಯಲ್ಲಿದ್ದಾನೆ. ಡಾಕ್ಟ್ರು ಹೇಳಲಿ. ಹೆಸರು ಒಂದೊಂದೇ ಬಿಟ್ಟು ಹೋದ್ರೆ ನೀನು ಹೇಳಿಕೊಡು. ಎಷ್ಟು ಸಲ ಕೇಳಿದ್ರೂ ಬೇಸರ ಮಾಡ್ಬಾರ್ದು, ಆಯ್ತಾ? ನಿನಗೆ ಮೊದಲೇ ಸಿಟ್ಟು ಜಾಸ್ತಿ.”

ಆಯ್ತು ಎಂದೆ. ಸಿಟ್ಟು ಮಾಡುವುದಿಲ್ಲ ಅತ್ತೆ. ಮಾಡಿದರೆ ಬೈಯಿರಿ.


ಅಕ್ಟೋಬರ್ 5, ಭಾನುವಾರ, ಸಂಜೆ

ನಾಡಿದ್ದು ಡಾಕ್ಟರ ಹತ್ತಿರ. ಮನೆಯಲ್ಲಿ ಕೂತರೆ ಅದೇ ಯೋಚನೆ ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಪದವಿನ ಕಡೆ ಹೋದೆ. ಬುಟ್ಟಿ ಇಲ್ಲ, ಕತ್ತಿ ಇಲ್ಲ, ಸುಮ್ಮನೆ ಕೈ ಬೀಸಿಕೊಂಡು. ಮಳೆ ಬಿಟ್ಟು ಒಳ್ಳೆ ಬಿಸಿಲು. ಹುಲ್ಲೆಲ್ಲ ಹಣ್ಣಾಗಿದೆ. ಅತ್ತೆ ದಾರಿಯುದ್ದಕ್ಕೂ ಮಾತು - ಮುರಳಿ ಸಣ್ಣವನಿರುವಾಗ ಇಲ್ಲಿ ಹೊಂಡದ ನೀರಿಗೆ ಬಿದ್ದದ್ದು, ಮಾವ ಪಂಚೆ ಎತ್ತಿ ಓಡಿದ್ದು.

ಕಲ್ಲಿನ ಸಂದಿನಲ್ಲಿ ಬಿಳಿ ಹೂ ಬಿಟ್ಟು ಒಂದು ತುಂಬೆ ಗಿಡ. ಅತ್ತೆ ಬಗ್ಗಿ ನೋಡಿದರು. ಇದು ಎಂತ ದೀಪ್ತಿ ಎಂದು ಕೇಳಿದರು. ತುಂಬೆ ಅತ್ತೆ ಎಂದೆ. ಹೌದಾ ಎಂದು ಮುಂದೆ ನಡೆದರು.

ಸ್ವಲ್ಪ ಆಚೆ ಇನ್ನೊಂದು ತುಂಬೆ. ಇದು ಎಂತ? ತುಂಬೆ ಅತ್ತೆ. ಸಣ್ಣ ಗಿಡಗಳು, ಪದವಿನ ಮೇಲೆ ಎಲ್ಲಿ ನೋಡಿದರೂ ಅದೇ. ಇಳಿಯುವಾಗ ಮತ್ತೆ ನಿಂತು, ಇದು ಎಂತ? ತುಂಬೆ ಅತ್ತೆ, ತುಂಬೆ ಎಂದೆ, ಸ್ವರ ಮೆತ್ತಗೆ ಇಟ್ಟುಕೊಂಡೇ. ಅತ್ತೆ ನನ್ನ ಭುಜ ಹಿಡಿದು ಬಿದ್ದು ಬಿದ್ದು ನಕ್ಕರು. “ಪರೀಕ್ಷೆ ಮಾಡಿದ್ದು ಮಾರಾಯ್ತಿ, ನಿನಗೆ ಸಿಟ್ಟು ಬರ್ತದಾ ಅಂತ. ಪಾಸಾದಿ.”

ನಾನೂ ನಕ್ಕೆ. ಮನೆಗೆ ಮುಟ್ಟುವವರೆಗೂ ನಗುತ್ತಲೇ ಬಂದೆವು. ಮುರಳಿಗೂ ಹೇಳಿ ನಗಿಸಿಯಾಯಿತು. ಈಗ ಒಳಗೆ ಕಾಫಿಗೆ ಹಾಲು ಕಾಯಿಸುತ್ತಿದ್ದಾರೆ, ಅದೇ ನಗು ಇನ್ನೂ ಕೇಳುತ್ತಿದೆ.

ಮೂರನೇ ಸಲ ಕೇಳಿದ್ದು ಪರೀಕ್ಷೆಯೇ, ಸಂಶಯ ಇಲ್ಲ. ಎರಡನೇ ಸಲವೂ ಹೌದು, ತುಟಿಯ ಕೊನೆಯಲ್ಲಿ ನಗು ಇತ್ತು, ನಾನು ನೋಡಿದ್ದೇನೆ. ಮೊದಲನೇ ಸಲ -